ಗಾಲಿಗೆ ಮೊದಲು ಕಲ್ಲು

ಹೋದ ತಿಂಗಳಿನ ಈ ಅಂಕಣದಲ್ಲಿ ಕಣಜದ ಕಾಳಿಗೆ ಹುಳು ಬೀಳದಂತೆ ನೋಡಿಕೊಳ್ಳುವ ಬಗೆಯನ್ನು ಕುರಿತು ಬರೆದಿದ್ದೆನು. ಅದನ್ನೋದಿದ ಸಿಂಧನೂರು ತಾಲೂಕಿನ ಗೃಹಸ್ಥರೊಬ್ಬರು, "ಕಾಳು ಕಣಜಕ್ಕೆ ಬಿದ್ದ ಮೇಲಿನ ಮಾತನ್ನು ಹೇಳಿದಿರಿ, ಅದು ಬಾಗಿಲಿಗೆ ಬರುವಾಗಿನ ಮಾತನ್ನೂ ಒಂದಿಷ್ಟು ಹೇಳಿರಿ" ಎಂದು ಕಾಗದ ಬರೆದಿರುತ್ತಾರೆ. ಅವರ ಮನೆಯು ದಿನ್ನೆಯ ಮೇಲಿದೆಯಂತೆ; ಬಾಗಿಲ ಮುಂದಿನ ನೆಲವು ಬೀದಿಯ ಕಡೆಗೆ ಜಾರಿಕೊಂಡಿದೆಯಂತೆ. ಭತ್ತ ತುಂಬಿದ ಟ್ರ್ಯಾಲಿಯನ್ನು ಹಿಂದುಹಿಂದಾಗಿ ಆ ಏರನ್ನು ಹತ್ತಿಸಿ, ಬಾಗಿಲಿನ ಬಳಿ ಟ್ರ್ಯಾಕ್ಟರಿನಿಂದ ಬಿಚ್ಚಿ ನಿಲ್ಲಿಸುವದು ಪ್ರತಿ ಸುಗ್ಗಿಯಲ್ಲಿಯೂ ಒಂದು ಕಾಳಗವೇ ಆಗಿಬಿಟ್ಟಿದೆಯಂತೆ. "ಇದಕ್ಕೆ ಏನಾದರೂ ಕ್ರಮವುಂಟೋ, ಇಲ್ಲವೆ ದೇವರ ಮೇಲೆ ಭಾರ ಹಾಕಿ ಕಣ್ಣು ಮುಚ್ಚಬೇಕೋ?" ಎಂದು ಅವರ ಪ್ರಶ್ನೆ.

ಕ್ರಮವುಂಟು. ಆದರೆ ನಾನು ಅದನ್ನು ಪುಸ್ತಕದಿಂದ ಕಲಿತವನಲ್ಲ. ನನ್ನ ಅಕ್ಕನ ಮನೆಯ ಅಂಗಳದಲ್ಲಿ, ಕಲಿಯಬಾರದ ರೀತಿಯಲ್ಲಿ ಕಲಿತೆನು. ಆದಕಾರಣ ಮೊದಲು ಆ ಸಂಗತಿಯನ್ನೇ ಹೇಳಿಬಿಡುತ್ತೇನೆ.

ಅಕ್ಕನನ್ನು ಮುಕ್ಕುಂದಕ್ಕೆ ಕೊಟ್ಟಿದೆ. ಸಿಂಧನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಊರು ಅದು. ಹೊಳೆಯ ಆಚೆಗೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸೀಮೆ. ಹೊಳೆದಂಡೆಯವರಿಗೆ ನೀರಿನ ನೆನಪು ಬಹಳ ದಿನ ಉಳಿಯುತ್ತದೆ. 2009ನೆಯ ಇಸವಿಯ ಅಕ್ಟೋಬರ ತಿಂಗಳಿನಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಗಳನ್ನು ಗೋಳಾಡಿಸಿದ ಮಹಾಪೂರದ ತರುವಾಯ ನಮ್ಮ ಭಾವನವರು ಹೊಸ ಮನೆಯನ್ನು ಕಟ್ಟಿಸಿದರು. "ಹೊಳಿ ಬಂದ್ರೂ ಹೊಸ್ತಿಲ ತೊಯ್ಯಬಾರ್ದು" ಎಂದು ಹಟ ಹಿಡಿದು, ಮಣ್ಣು ಹೇರಿಸಿ, ಅಡಿಪಾಯವನ್ನು ಎದೆಮಟ್ಟ ಏರಿಸಿದರು. ಹೊಸ್ತಿಲಿಗೆ ನೀರಿನ ಭಯವು ತಪ್ಪಿತು, ನಿಜ. ಆದರೆ ಬೀದಿಯಿಂದ ಬಾಗಿಲವರೆಗಿನ 40 ಅಡಿಯೊಳಗೆ 5 ಅಡಿ ಏರುವ ಒಂದು ದಾರಿ ಹುಟ್ಟಿಕೊಂಡಿತು. ಮನೆ ಕಟ್ಟುವಾಗ ವಾಸ್ತುವನ್ನು ಕೇಳಿದವರುಂಟು, ಮುಹೂರ್ತವನ್ನು ಕೇಳಿದವರುಂಟು. ಈ ಏರಿನ ಮೇಲೆ ಟ್ರ್ಯಾಲಿ ಹೇಗೆ ನಿಂತೀತು ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

ಇಂದಿನ ಮಕ್ಕಳಿಗೆ ಆ ಸೀಮೆಯೆಂದರೆ ಭತ್ತದ ಸೀಮೆಯೆಂದೇ ಗೊತ್ತು. ತುಂಗಭದ್ರೆಯ ಆಣೆಕಟ್ಟಿನ ಕೆಲಸವು 1945ರಲ್ಲಿ ಆರಂಭವಾಗಿ, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಸುಮಾರು 227 ಕಿಲೋಮೀಟರಿನ ಎಡದಂಡೆಯ ಕಾಲುವೆಯು ಎರೆಯ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿತು. ಅದಕ್ಕೂ ಮುಂಚೆ ಅಲ್ಲಿ ಬಿಳಿಜೋಳ ಮತ್ತು ಹತ್ತಿ. ಅವುಗಳನ್ನು ಮನೆಗೆ ತರುವದಕ್ಕೆ ಎತ್ತಿನ ಬಂಡಿ. ಬೆಳೆ ಬದಲಾದಂತೆ ಭಾರವೂ ಬದಲಾಯಿತು. ಈಗ ಒಂದು ಟ್ರ್ಯಾಲಿಯಲ್ಲಿ 75 ಕಿಲೋ ತೂಕದ 60 ಚೀಲಗಳನ್ನು ಹೇರುವದು ಯಾರಿಗೂ ಆಶ್ಚರ್ಯವಲ್ಲ. ಅದು 45 ಕ್ವಿಂಟಲು. ಟ್ರ್ಯಾಲಿಯ ಸ್ವಂತ ತೂಕವನ್ನು ಕೂಡಿಸಿದರೆ 60ರ ಹತ್ತಿರಕ್ಕೆ ಬರುವದು. ಅದನ್ನು ಎಳೆಯುವ ಟ್ರ್ಯಾಕ್ಟರು 20 ಕ್ವಿಂಟಲಿನ ಆಚೆ ಈಚೆ. ಅಂದಬಳಿಕ, ಹಿಂದಿರುವವನು ಮುಂದಿರುವವನಿಗಿಂತ ಮೂರು ಪಟ್ಟು ಭಾರದವನು. ಸಮನೆಲದ ಮೇಲೆ ಈ ಲೆಕ್ಕವು ನೆನಪಾಗುವದಿಲ್ಲ. ಏರಿನ ಮೇಲೆ ಅದು ತಾನಾಗಿಯೇ ನೆನಪು ಮಾಡಿಕೊಡುತ್ತದೆ.

2018ನೆಯ ಇಸವಿಯ ಡಿಸೆಂಬರ ತಿಂಗಳು. ನಾನು ಎರಡು ದಿನದ ಮಟ್ಟಿಗೆ ಅಕ್ಕನ ಊರಿಗೆ ಹೋಗಿದ್ದೆನು. ಸಾಯಂಕಾಲ ದೀಪ ಹಚ್ಚುವ ಹೊತ್ತು. ನನ್ನ ಸೋದರಳಿಯನು 60 ಚೀಲ ಹೇರಿದ ಟ್ರ್ಯಾಲಿಯನ್ನು ತಂದನು. ಚೀಲ ಇಳಿಸುವ ಹಮಾಲರು ಬೆಳಿಗ್ಗೆ ಬರುವವರು. ಟ್ರ್ಯಾಕ್ಟರಾದರೋ ಅದೇ ರಾತ್ರಿ ನೆರೆಯವರ ಗದ್ದೆಗೆ ಹೋಗಬೇಕು. ಆ ನೆರೆಯವರು ಆಗಲೇ ಬಂದು ಬೀದಿಯಲ್ಲಿ ನಿಂತಿದ್ದರು. ಅವಸರವೆಂಬದು ಅಪಘಾತದ ಅಣ್ಣನಲ್ಲವೇ! ಮೂರು ಸಲ ಏರಿಸಿ, ಮೂರು ಸಲ ಇಳಿಸಿ, ನಾಲ್ಕನೆಯ ಸಲಕ್ಕೆ ಹುಡುಗನು ಟ್ರ್ಯಾಲಿಯನ್ನು ಬಾಗಿಲಿನ ಸಮೀಪ ತಂದು ಬ್ರೇಕು ತುಳಿದು ಕುಳಿತನು. ಭಾವನವರು ಕಾಲಿನಿಂದಲೇ ಒಂದು ಇಟ್ಟಿಗೆಯನ್ನು ಒಂದು ಗಾಲಿಯ ಕೆಳಕ್ಕೆ ನೂಕಿ, ಪಿನ್ನನ್ನು ಎಳೆಯಹೋದರು. ಅದು ಅಲುಗಲಿಲ್ಲ.

"ಯಪ್ಪಾ, ಪಿನ್ನ ಬಿಗಿ ಐತಿ. ಇನ್ನೊಂದ್ ಕಲ್ಲ ತರ್ಲೇನು?" ಎಂದು ಹುಡುಗನು ಕೇಳಿದನು.

"ಏನೂ ಬ್ಯಾಡ, ಹೊತ್ತಾತು. ನೀ ಬ್ರೇಕ್ ಹಿಡಿ" ಎಂದು ಅವರು ಸುತ್ತಿಗೆಯನ್ನು ತೆಗೆದುಕೊಂಡರು.

ಎರಡನೆಯ ಏಟಿಗೆ ಪಿನ್ನು ಹಾರಿತು. ಅಲ್ಲಿಯವರೆಗೆ ಆ ಪಿನ್ನಿನ ಮೇಲೆಯೇ ನಿಂತಿದ್ದ ಅಷ್ಟೂ ಭಾರವು ಇಟ್ಟಿಗೆಯ ಮೇಲೆ ಬಿದ್ದಿತು. ಇಟ್ಟಿಗೆಯು ಹಪ್ಪಳದಂತೆ ಪುಡಿಯಾಯಿತು. ಟ್ರ್ಯಾಲಿಯು ಒಂದು ಗೇಣು ಮುಂದಕ್ಕೆ ಜಾರಿ ಟ್ರ್ಯಾಕ್ಟರಿಗೆ ತಾಗಿತು. ಆ ಗೇಣಿನ ನಡುವೆ ಭಾವನವರ ಬಲಗೈ ಇತ್ತು. ಕೂಗನ್ನು ಕೇಳಿದ ಹುಡುಗನು ಗಾಬರಿಯಿಂದ ಟ್ರ್ಯಾಕ್ಟರನ್ನು ಮುಂದಕ್ಕೆ ಬಿಟ್ಟನು. ಕೈಯೇನೋ ಬಿಡಿಸಿಕೊಂಡಿತು, ಆದರೆ ಟ್ರ್ಯಾಲಿಯು ಹಿಂದೆಯೇ ಓಡಿಬಂದು, ಅದರ ಮೂತಿ ಕೆಳಗೆ ಬಿದ್ದು ನೆಲದಲ್ಲಿ ನೆಟ್ಟು, ಇಡೀ ಗಾಡಿಯೇ ಓರೆಯಾಗಿ ತಿರುಗಿ, ಅಂಗಳದ ಮೂಲೆಯ ಕಟ್ಟೆಯನ್ನು ಬಡಿದು ನಿಂತಿತು. ಆ ಕಟ್ಟೆಯ ಮೇಲೆ ಭಾವನವರ ತಾಯಿ ಸಂಜೆಯೆಲ್ಲ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ದೇವರಿಗೆ ದೀಪ ಹಚ್ಚಲೆಂದು ಆಗತಾನೆ ಎದ್ದು ಒಳಗೆ ಹೋಗಿದ್ದರು. ಬುಟ್ಟಿ ಅಲ್ಲಿಯೇ ಇತ್ತು. ಅದನ್ನು ಮರುದಿನ ಕಲ್ಲುಗಳನ್ನು ಎತ್ತಿ ತೆಗೆಯಬೇಕಾಯಿತು.

ಭಾವನವರನ್ನು ಸಿಂಧನೂರಿಗೆ ಒಯ್ದೆವು. ತೋರುಬೆರಳು ಮತ್ತು ನಡುಬೆರಳು ಉಳಿಯಲಿಲ್ಲ. ಈಗ ಅವರು ರೊಟ್ಟಿಯನ್ನು ಎಡಗೈಯ ಸಹಾಯದಿಂದ ಮುರಿಯುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಕುಳ್ಳಿರುವದನ್ನು ಬಹಳ ದಿನ ಬಿಟ್ಟೇಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ನೋಡಲು ಬಂದವರೆಲ್ಲ ಒಂದೊಂದು ಕಾರಣವನ್ನು ಹೇಳಿದರು. ಒಬ್ಬರು ಏರನ್ನು ಬಯ್ದರು. ಒಬ್ಬರು ಪಿನ್ನನ್ನು ಬಯ್ದರು. ಅಮಾವಾಸ್ಯೆ ಹತ್ತಿರವಿತ್ತೆಂದು ಒಬ್ಬರು ಪಂಚಾಂಗವನ್ನು ಬಯ್ದರು. ಆ ಮನೆಯಲ್ಲಿ ಹಿಂದೆ ಬಂಡಿ ಹೊಡೆಯುತ್ತಿದ್ದ ಮುದುಕನೊಬ್ಬನು ಮಾತ್ರ ಮಾತಾಡದೆ ಕುಕ್ಕುರುಗಾಲಿನಲ್ಲಿ ಕುಳಿತು, ನೆಲದ ಮೇಲಿನ ಕೆಂಪು ಪುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದನು. "ನೊಗ ಎತ್ತಿನ ಕೊಳ್ಳಾಗ ಇದ್ದಾಗ್ಲೇ ಗಾಲಿಗಿ ಕಲ್ಲ ಕೊಡಬೇಕ್ರಿ ಅಪ್ಪಾರ. ಕಲ್ಲ ಭಾರ ಹಿಡೀತೋ ಇಲ್ಲೋ ನೋಡಬೇಕು. ಆಮ್ಯಾಲ ಎತ್ತ ಬಿಚ್ಚಬೇಕು" ಎಂದನು. ನಾನು ಈ ವಿಷಯದಲ್ಲಿ ಆಮೇಲೆ ಎಷ್ಟೋ ಜನರನ್ನು ಕೇಳಿದ್ದೇನೆ; ಯಾರೂ ಈ ಮಾತಿಗೆ ಹೆಚ್ಚಿನದೇನನ್ನೂ ಸೇರಿಸಲಿಲ್ಲ.

ವಿಚಾರ ಮಾಡಿದರೆ, ಬಂಡಿಯ ಕಾಲದವರಿಗೆ ಇದು ಹೇಗೆ ಗೊತ್ತಿತ್ತು, ನಮಗೆ ಹೇಗೆ ಮರೆಯಿತು ಎಂಬದು ಸ್ಪಷ್ಟವಾಗುತ್ತದೆ. ಎತ್ತು ಮಾತು ಬಾರದ ಪ್ರಾಣಿಯಾದರೂ ಭಾರವನ್ನು ಮರೆಮಾಚುವದಿಲ್ಲ. ಬಂಡಿ ಜಗ್ಗಿದರೆ ಅದರ ಕೊರಳು ಹಿಂದಕ್ಕೆ ಬಾಗುವದು, ಕಾಲು ನಡುಗುವದು, ಕಣ್ಣು ಅಗಲವಾಗುವದು. ಅದನ್ನು ನೋಡಿ ಬಂಡಿಕಾರನು ಕಲ್ಲನ್ನು ಹುಡುಕುವನು. ಟ್ರ್ಯಾಕ್ಟರಿಗೆ ಈ ಮುಖವಿಲ್ಲ. ಬ್ರೇಕು ಹಿಡಿದಿರುವವರೆಗೆ ಅದು ಸಮನೆಲದ ಮೇಲೆ ನಿಂತಂತೆಯೇ ಕಾಣುವದು. ಭಾರವು ಎಲ್ಲಿದೆಯೆಂಬದನ್ನು ನಾವೇ ಊಹಿಸಿಕೊಳ್ಳಬೇಕು.

ಆದುದರಿಂದ ಮೊದಲು ನಿಮ್ಮ ಅಂಗಳದ ಏರು ಎಷ್ಟೆಂಬದನ್ನು ಅಳೆಯಿರಿ. ಇಂಜಿನಿಯರನನ್ನು ಕರೆಯುವ ಕಾರಣವಿಲ್ಲ. 10 ಅಡಿಯ ಒಂದು ನೆಟ್ಟನೆಯ ಕೋಲನ್ನು ತೆಗೆದುಕೊಂಡು, ಒಂದು ತುದಿಯನ್ನು ಏರಿನ ಮೇಲ್ಭಾಗದ ನೆಲಕ್ಕೆ ಊರಿ, ಕೋಲಿನ ಮೇಲೆ ಅರ್ಧ ನೀರು ತುಂಬಿ ಮುಚ್ಚಿದ ಉದ್ದನೆಯ ಸೀಸೆಯನ್ನು ಮಲಗಿಸಿರಿ. ಸೀಸೆಯ ನೀರು ಎರಡೂ ಕಡೆಗೆ ಒಂದೇ ಸಮ ಹರಡುವವರೆಗೆ ಕೋಲಿನ ಇನ್ನೊಂದು ತುದಿಯನ್ನು ಎತ್ತಿ ಹಿಡಿಯಿರಿ. ಆ ತುದಿಗೂ ನೆಲಕ್ಕೂ ಎಷ್ಟು ಅಂತರವಿದೆಯೋ ಅದೇ 10 ಅಡಿಗೆ ನಿಮ್ಮ ಇಳಿಜಾರು. ಅಂತರವು ಒಂದು ಅಡಿಯಾದರೆ 60 ಕ್ವಿಂಟಲಿನ ಟ್ರ್ಯಾಲಿಯನ್ನು ಕೆಳಕ್ಕೆ ಜಗ್ಗುವ ಬಲವು ಹತ್ತರಲ್ಲಿ ಒಂದು ಪಾಲು, ಅಂದರೆ 6 ಕ್ವಿಂಟಲು. ಎಂಟು ಭತ್ತದ ಚೀಲಗಳನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಇಳಿಬಿಟ್ಟಷ್ಟು. ಭಾವನವರ ಅಂಗಳದ ಲೆಕ್ಕದಲ್ಲಿ ಅದು ಹತ್ತು ಚೀಲವಾಗುತ್ತದೆ. ಹತ್ತು ಚೀಲವನ್ನು ಹಿಡಿಯೆಂದು ನಾವು ಒಂದು ಇಟ್ಟಿಗೆಗೆ ಹೇಳಿದ್ದೆವು.

ಇನ್ನು ಹಿಂದಕ್ಕೆ ನಡೆಯಿಸುವ ಮಾತು. ಒಂದೇ ಅಚ್ಚಿನ ಟ್ರ್ಯಾಲಿಯು ಹಿಂದೆ ಹೋಗುವಾಗ ಹಟಮಾರಿ ಮಗುವಿನಂತೆ ಹೇಳಿದ್ದಕ್ಕೆ ವಿರುದ್ಧವಾಗಿ ಮಾಡುವದು. ಟ್ರ್ಯಾಕ್ಟರಿನ ಹಿಂಭಾಗವು ಬಲಕ್ಕೆ ಸರಿದರೆ ಟ್ರ್ಯಾಲಿಯ ಹಿಂಭಾಗವು ಎಡಕ್ಕೆ ಹೊರಳುವದು. ಹೊಸಬರು ಇಲ್ಲಿಯೇ ತಬ್ಬಿಬ್ಬಾಗುವರು. ಅವರಿಗೆ ಒಂದು ಸುಲಭವಾದ ಉಪಾಯವುಂಟು. ಸ್ಟೇರಿಂಗನ್ನು ಮೇಲ್ಗಡೆ ಹಿಡಿಯದೆ ಕೆಳಗಡೆ ಹಿಡಿಯಬೇಕು. ಆಗ ಕೈಯನ್ನು ಯಾವ ಕಡೆಗೆ ಸರಿಸಿದರೆ ಟ್ರ್ಯಾಲಿಯ ಹಿಂಭಾಗವು ಅದೇ ಕಡೆಗೆ ಹೋಗುವದು. ಅದು ತಿರುಗಲು ಆರಂಭಿಸಿದ ಕೂಡಲೆ ಸ್ಟೇರಿಂಗನ್ನು ಮರಳಿಸಿ ಅದರ ಬೆನ್ನು ಹಿಡಿಯಬೇಕು. ಅದು ಪೂರಾ ತಿರುಗುವವರೆಗೆ ಕಾದರೆ ಟ್ರ್ಯಾಕ್ಟರೂ ಟ್ರ್ಯಾಲಿಯೂ ಕತ್ತರಿಯಂತೆ ಮಡಚಿಕೊಳ್ಳುವವು. ಹಾಗೆ ಮಡಚತೊಡಗಿದರೆ ಹಿಂದಕ್ಕೆ ಹೋಗಿ ಸರಿಪಡಿಸುವ ಆಸೆಯನ್ನು ಬಿಟ್ಟು, ಮುಂದಕ್ಕೆ ಬಂದು ನೆಟ್ಟಗೆ ಮಾಡಿಕೊಳ್ಳುವದೇ ದಾರಿ. ಉದ್ದನೆಯ ಟ್ರ್ಯಾಲಿಯು ನಿಧಾನವಾಗಿ ತಿರುಗುವದು. ಗಿಡ್ಡದು ಬಲು ಚುರುಕು. ಗಿಡ್ಡ ಟ್ರ್ಯಾಲಿಯೇ ಸುಲಭವೆಂದು ತಿಳಿಯುವವರು ಒಮ್ಮೆ ಅದನ್ನು ಹಿಂದಕ್ಕೆ ನಡೆಯಿಸಿ ನೋಡಲಿ.

ಇದೆಲ್ಲ ಸಮನೆಲದ ವಿದ್ಯೆ. ಏರಿನ ಮೇಲೆ ನನ್ನ ಅಭಿಪ್ರಾಯವು ಒಂದೇ: ಅಲ್ಲಿ ತಿರುಗಿಸಲೇಬಾರದು. ತಿರುಗಿಸುವದನ್ನೆಲ್ಲ ಬೀದಿಯಲ್ಲಿಯೇ ಮುಗಿಸಿ, ಟ್ರ್ಯಾಲಿಯೂ ಟ್ರ್ಯಾಕ್ಟರೂ ಬಾಗಿಲಿಗೆ ಒಂದೇ ಗೆರೆಯಲ್ಲಿ ನಿಂತ ಮೇಲೆ ಏರಿಗೆ ಹಚ್ಚಬೇಕು. ಏರಿನ ನಡುವೆ ಸೊಟ್ಟಗಾದರೆ ಸರಿಪಡಿಸಲು ಮುಂದಕ್ಕೆ, ಎಂದರೆ ಇಳಿಜಾರಿಗೆ ಬರಬೇಕಾಗುವದು. ಆಗ ಹಿಂದಿನ ಭಾರವೆಲ್ಲ ಟ್ರ್ಯಾಕ್ಟರನ್ನು ನೂಕುವದು. ನಮ್ಮ ಸಾಮಾನ್ಯ ಟ್ರ್ಯಾಕ್ಟರುಗಳಿಗೆ ಬ್ರೇಕು ಇರುವದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಹಳ್ಳಿಯ ಟ್ರ್ಯಾಲಿಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೇ ಇಲ್ಲ. ಮಳೆ ಬಿದ್ದ ಎರೆಮಣ್ಣಾದರಂತೂ ಗಾಲಿಯು ನಿಂತಿದ್ದರೂ ಟ್ರ್ಯಾಕ್ಟರು ಜಾರುತ್ತಲೇ ಇರುವದು. ಆದಕಾರಣ ಇಳಿಯುವಾಗ ಎಲ್ಲಕ್ಕೂ ಸಣ್ಣ ಗೇರಿನಲ್ಲಿ, ಕ್ಲಚ್ಚನ್ನು ತುಳಿಯದೆ, ಇಂಜಿನ್ನಿನ ಬಿಗಿಯಲ್ಲಿಯೇ ಇಳಿಯತಕ್ಕದ್ದು. ಇನ್ನೊಂದು ಮಾತು. ಗದ್ದೆಯಲ್ಲಿ ಹೊರಳಲು ಅನುಕೂಲವಾಗಲೆಂದು ಟ್ರ್ಯಾಕ್ಟರಿಗೆ ಎಡಬಲದ ಬ್ರೇಕಿನ ತುಳಿಗಳು ಬೇರೆಬೇರೆ ಇರುವವು. ಅವೆರಡನ್ನೂ ಕೂಡಿಸುವ ಕೊಂಡಿಯೊಂದು ಉಂಟು. ಗದ್ದೆಯಿಂದ ಬಂದವನು ಅದನ್ನು ಹಾಕಲು ಮರೆತು ಏರಿನ ಮೇಲೆ ಒಂದನ್ನೇ ತುಳಿದರೆ, ಗಾಡಿಯು ನಿಲ್ಲುವದರ ಬದಲು ಗಿರಕಿ ಹೊಡೆಯುವದು.

ಗೆರೆ ಎಂದೆನಷ್ಟೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಲದು. ಈಗ ನನ್ನ ಅಕ್ಕನು ಟ್ರ್ಯಾಲಿ ಬರುವ ದಿನ ಹೊಸ್ತಿಲಿನಿಂದ ಬೀದಿಯವರೆಗೆ, ಗಾಲಿಗಳ ಅಗಲಕ್ಕೆ ಸರಿಯಾಗಿ, ಸುಣ್ಣದ ಪುಡಿಯ ಎರಡು ಗೆರೆಗಳನ್ನು ಎಳೆಯುತ್ತಾಳೆ. ಮೊದಲ ಸಲ ಓಣಿಯವರು ನಕ್ಕರು. "ಟ್ರ್ಯಾಲಿಗೂ ರಂಗೋಲಿ ಹಾಕ್ತಾರ" ಎಂದರು. ಆಮೇಲೆ ಇನ್ನೆರಡು ಮನೆಗಳ ಮುಂದೆ ಅಂಥವೇ ಗೆರೆಗಳನ್ನು ನಾನು ಕಂಡೆನು.

ಹಿಂದೆ ನಿಂತು ಕೂಗುವವರ ವಿಷಯಕ್ಕೆ ಬರೋಣ. ಟ್ರ್ಯಾಲಿ ಹಿಂದಕ್ಕೆ ಬರುತ್ತದೆಂದರೆ ನಮ್ಮಲ್ಲಿ ಓಣಿಯೇ ನೆರೆಯುತ್ತದೆ. ಒಬ್ಬನು "ಬರ್ಲಿ ಬರ್ಲಿ" ಎನ್ನುತ್ತಾನೆ. ಇನ್ನೊಬ್ಬನು ಬಸ್ಸಿನ ಕಂಡಕ್ಟರನಿಂದ ಕಲಿತ "ರೈಟ್ ರೈಟ್" ಎಂಬ ಮಂತ್ರವನ್ನು ಹೇಳುತ್ತಾನೆ. ಹೇಳುವವನ ಮನಸ್ಸಿನಲ್ಲಿ ಅದಕ್ಕೆ "ನಡೆ" ಎಂದು ಅರ್ಥ. ಕೇಳುವ ಹುಡುಗನು ಶಾಲೆಗೆ ಹೋದವನಾದರೆ ಬಲಕ್ಕೆ ತಿರುಗಿಸಿಬಿಡುತ್ತಾನೆ. ಎಡ, ಬಲ ಎಂದರೂ ತೊಡಕು ತೀರುವದಿಲ್ಲ. ಯಾರ ಎಡ? ಯಾರ ಬಲ? ಸ್ಟೇರಿಂಗಿನದೋ, ಟ್ರ್ಯಾಲಿಯದೋ, ಎದುರಿಗೆ ನಿಂತವನದೋ? ಇದಕ್ಕೆ ನಾವು ಕಂಡುಕೊಂಡ ಮದ್ದು ಇಷ್ಟೆ: ಕೂಗುವವನು ಒಬ್ಬನೇ ಇರಬೇಕು, ಮತ್ತು ಅವನು ದಿಕ್ಕನ್ನು ಹೇಳದೆ ಗುರುತನ್ನು ಹೇಳಬೇಕು. "ಬೇವಿನ ಗಿಡದ ಕಡಿಗಿ", "ದನದ ಮನಿ ಕಡಿಗಿ" ಎಂದರೆ ಟ್ರ್ಯಾಲಿಯ ಹಿಂಭಾಗವು ಅತ್ತ ಹೋಗಬೇಕೆಂದರ್ಥ. ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಕೂಗುವವನು ಟ್ರ್ಯಾಲಿಯ ನೇರ ಹಿಂದೆ ನಿಲ್ಲದೆ ಪಕ್ಕದಲ್ಲಿ, ನಡೆಯಿಸುವವನ ಕಣ್ಣಿಗೆ ಬೀಳುವಲ್ಲಿ ನಿಲ್ಲಬೇಕು. ಅವನು ಕಣ್ಮರೆಯಾದ ಕ್ಷಣವೇ ಟ್ರ್ಯಾಕ್ಟರು ನಿಲ್ಲಬೇಕು. ಅವನು ಎಡವಿ ಬಿದ್ದಿರಬಹುದು.

ಮಕ್ಕಳ ಮಾತು ಬೇರೆ. ಚೀಲ ಹೇರಿದ ಟ್ರ್ಯಾಲಿಯ ಹಿಂದೆ ಎಷ್ಟು ದೂರದವರೆಗೆ ಒಂದು ಮಗುವು ಕಾಣಿಸಲಾರದೆಂಬದನ್ನು ತಿಳಿಯಬೇಕಾದರೆ ಒಮ್ಮೆ ಟ್ರ್ಯಾಕ್ಟರಿನ ಆಸನದ ಮೇಲೆ ಕುಳಿತು ಹಿಂದಿರುಗಿ ನೋಡಬೇಕು. ಚೀಲಗಳ ಹೊರತು ಬೇರೇನೂ ಕಾಣುವದಿಲ್ಲ. ಮಕ್ಕಳಾದರೋ ಭತ್ತ ಬಂತೆಂದರೆ ಹಬ್ಬ ಬಂತೆಂದು ಓಡಿಬರುವವರು. ಓಡುವ ಟ್ರ್ಯಾಲಿಗೆ ಜೋತುಬೀಳುವದು ಅವರಿಗೆ ಆಟ. ಇದು ಟ್ರ್ಯಾಕ್ಟರ್ ನಡೆಯಿಸುವವನ ಕೈಯಲ್ಲಿರುವ ಕೆಲಸವಲ್ಲ, ಮನೆಯೊಡತಿಯ ಕೆಲಸ. ಅಕ್ಕನ ಮನೆಯಲ್ಲಿ ಈಗ ಒಂದು ಪದ್ಧತಿ ಉಂಟು. ಟ್ರ್ಯಾಲಿಯು ಬೀದಿಯ ಮೂಲೆಗೆ ಬಂದ ಸಪ್ಪಳವಾದೊಡನೆ ಮಕ್ಕಳನ್ನೆಲ್ಲ ಪಡಸಾಲೆಯಲ್ಲಿ ಕುಳ್ಳಿರಿಸಿ, ತಲೆ ಎಣಿಸಿ, ಕೈಗೊಂದು ಬೆಲ್ಲದ ತುಣುಕು ಕೊಟ್ಟು, ಬಾಗಿಲಿಗೆ ಬಂದು "ಐದೂ ಅದಾವ" ಎಂದು ಕೂಗುವಳು. ನೆರೆಮನೆಯ ಮಕ್ಕಳೂ ಆ ಎಣಿಕೆಯಲ್ಲಿ ಸೇರಿರುವವು. ಆ ಕೂಗು ಕೇಳುವವರೆಗೆ ಅಳಿಯನು ಹಿಂದಿನ ಗೇರನ್ನು ಹಾಕುವದಿಲ್ಲ.

ಟ್ರ್ಯಾಲಿಯು ನಿಲ್ಲಬೇಕಾದ ಸ್ಥಳಕ್ಕೆ ಬಂದಿತೆನ್ನೋಣ. ನಡೆಯಿಸುವವನು ಇಳಿಯಬಾರದು, ಬ್ರೇಕನ್ನು ಹಿಡಿದೇ ಇರಬೇಕು. ಗಾಲಿಗೆ ಕೊಡುವದು ಇಟ್ಟಿಗೆಯಾಗಲಿ, ದುಂಡುಗಲ್ಲಾಗಲಿ, ತೆಂಗಿನ ಚಿಪ್ಪಾಗಲಿ (ಇದನ್ನೂ ಕಂಡಿದ್ದೇನೆ!) ಆಗಬಾರದು. ಇಟ್ಟಿಗೆ ಪುಡಿಯಾಗುವದು, ದುಂಡುಗಲ್ಲು ಗಾಲಿಯೊಡನೆ ತಾನೂ ಉರುಳುವದು. ಒಣಗಿದ ಜಾಲಿಯ ಕೊರಡನ್ನು ಬಡಿಗನಿಗೆ ಕೊಟ್ಟು, ಒಂದು ಮೈ ನೆಲಕ್ಕೆ ಸಮನಾಗಿ ಕೂಡುವಂತೆಯೂ ಇನ್ನೊಂದು ಮೈ ಗಾಲಿಯ ದುಂಡಿಗೆ ಒಪ್ಪುವಂತೆಯೂ ಎರಡು ಬೆಣೆಗಳನ್ನು ಮಾಡಿಸಿರಿ. ಎತ್ತರವು ಗಾಲಿಯ ಎತ್ತರದ ನಾಲ್ಕನೆಯ ಒಂದು ಪಾಲಿಗೆ, ಅಂದರೆ 8-9 ಅಂಗುಲಕ್ಕೆ, ಕಡಿಮೆಯಾಗಬಾರದು. ಪ್ರತಿಯೊಂದಕ್ಕೂ ಮೂರು ಮೊಳ ಹಗ್ಗ ಕಟ್ಟಿರಿ. ಇಡುವಾಗಲೂ ತೆಗೆಯುವಾಗಲೂ ಗಾಲಿಯ ಕೆಳಗೆ ಕೈ ಹೋಗುವ ಕಾರಣವಿರಬಾರದು. ನೆಲವು ಮೆತ್ತಗಿದ್ದರೆ ಬೆಣೆಯ ಕೆಳಗೆ ಒಂದು ಪರಸಿ ಕಲ್ಲನ್ನು ಹಾಕಿರಿ, ಇಲ್ಲವಾದರೆ ಬೆಣೆಯನ್ನೇ ಎರೆಮಣ್ಣು ನುಂಗುವದು. ಬೆಣೆಗಳನ್ನು ಎರಡೂ ಗಾಲಿಗಳಿಗೆ, ಇಳಿಜಾರಿನ ಕಡೆಯಿಂದ, ಗಾಲಿಗೆ ಒತ್ತಿ ಇಡಬೇಕು.

ಇದರ ನಂತರ ಬರುವದೇ ಮುಖ್ಯವಾದ ಕ್ಷಣ. ನಮ್ಮವರು ಬೆಣೆ ಇಟ್ಟೊಡನೆ ಪಿನ್ನಿಗೆ ಕೈ ಹಾಕುವರು. ಹಾಗೆ ಮಾಡಬೇಡಿರಿ. ಎಲ್ಲರೂ ಪಕ್ಕಕ್ಕೆ ಸರಿದ ಮೇಲೆ, ನಡೆಯಿಸುವವನು ಬ್ರೇಕನ್ನು ಮೆಲ್ಲಗೆ ಸಡಿಲಿಸಬೇಕು. ಟ್ರ್ಯಾಲಿಯು ಒಂದೆರಡು ಅಂಗುಲ ಸರಿದು ಬೆಣೆಗಳ ಮೇಲೆ ಕುಳಿತುಕೊಳ್ಳುವದು. ಭಾರವು ಟ್ರ್ಯಾಕ್ಟರನ್ನು ಬಿಟ್ಟು ಬೆಣೆಗೆ ದಾಟುವದೆಂದರೆ ಇದೇ. ಆಗ ಮತ್ತೆ ಬ್ರೇಕು ಹಿಡಿದು ಹತ್ತು ಎಣಿಸಿರಿ. ಬೆಣೆಯು ಜಾರಲಿಲ್ಲ, ಹೂಳಲಿಲ್ಲ, ಬಿರಿಯಲಿಲ್ಲವಾದರೆ ಪಿನ್ನನ್ನು ಎರಡೇ ಬೆರಳಿನಿಂದ ಅಲುಗಿಸಿ ನೋಡಿರಿ. ಅದು ಸಡಿಲಾಗಿ ಆಡುತ್ತಿದ್ದರೆ ಟ್ರ್ಯಾಲಿಯು ತನ್ನ ಕಾಲಿನ ಮೇಲೆ ತಾನು ನಿಂತಿದೆ. ಬಿಗಿಯಾಗಿದ್ದರೆ ಭಾರವು ಇನ್ನೂ ಪಿನ್ನಿನ ಮೇಲೆಯೇ ಇದೆ. ಟ್ರ್ಯಾಕ್ಟರನ್ನು ಒಂದಂಗುಲ ಹಿಂದೆ ಮುಂದೆ ಆಡಿಸಿ ನೋಡಬೇಕೇ ಹೊರತು ಸುತ್ತಿಗೆಯನ್ನು ಮುಟ್ಟಬಾರದು. ಅಂದು ಸಾಯಂಕಾಲ ಆ ಪಿನ್ನು ನಮಗೆ ಸತ್ಯವನ್ನೇ ಹೇಳುತ್ತಿತ್ತು. ಭಾವನವರು ಅದರ ಬಾಯಿಗೆ ಹೊಡೆದರು.

ಪಿನ್ನನ್ನು ತೆಗೆಯುವ ಮುನ್ನ ಟ್ರ್ಯಾಲಿಯ ಮೂತಿಗೆ ಆಧಾರ ಕೊಡಬೇಕು. ಬಂಡಿಗೆ ಮೂಕಿಯಿದ್ದ ಸ್ಥಾನದಲ್ಲಿ ಇದಕ್ಕೆ ಕಬ್ಬಿಣದ ತೊಲೆ. ಅದರ ಕೆಳಗಿನ ಸ್ಟ್ಯಾಂಡನ್ನೋ ಜಾಕನ್ನೋ ಒಂದು ಅಗಲವಾದ ಹಲಗೆಯ ಮೇಲೆ ನಿಲ್ಲಿಸಿರಿ. ಇಲ್ಲಿಯೂ ಬಂಡಿಕಾರರ ಒಂದು ಜಾಣತನವು ಉಪಯೋಗಕ್ಕೆ ಬರುವದು. ಹೇರು ಮುಂದಕ್ಕೆ ಹೆಚ್ಚಾದರೆ ಮುಂಭಾರ, ನೊಗವು ಎತ್ತಿನ ಹೆಗಲನ್ನು ಒತ್ತುವದು. ಹಿಂದಕ್ಕೆ ಹೆಚ್ಚಾದರೆ ಹಿಂಭಾರ, ಮೂಕಿಯು ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುವದು. ಟ್ರ್ಯಾಲಿಗೂ ಇದೇ ನಿಯಮ. ಬಾಗಿಲು ಹಿಂದಿರುವ ಟ್ರ್ಯಾಲಿಯನ್ನು ಏರಿನ ಮೇಲೆ ಹಿಂದುಮಾಡಿ ನಿಲ್ಲಿಸಿದಾಗ ಹಮಾಲರು ಸಹಜವಾಗಿ ಹಿಂದಿನ ಚೀಲಗಳನ್ನು ಮೊದಲು ಇಳಿಸುವರು. ಆಗ ಭಾರವೆಲ್ಲ ಮೂತಿಯ ಆಧಾರದ ಮೇಲೆ ಬೀಳುವದು, ಸಣ್ಣ ಕೋಲು ಕೊಟ್ಟಿದ್ದರೆ ಮುರಿಯುವದು. ತದ್ವಿರುದ್ಧವಾಗಿ, ಯಾರಾದರೂ ಮುಂದಿನ ಚೀಲಗಳನ್ನು ಮೊದಲು ಎತ್ತಿದರೆ ಮೂತಿಯು ಆಕಾಶ ನೋಡುವದು, ಹಿಂದೆ ನಿಂತವರ ಮೇಲೆ ಚೀಲಗಳು ಜಾರುವವು. ಬಿಚ್ಚಿ ನಿಲ್ಲಿಸಿದ ಟ್ರ್ಯಾಲಿಯಿಂದ ಅಚ್ಚಿನ ಆಚೆ ಈಚೆ ಸಮಸಮವಾಗಿ ಚೀಲ ಇಳಿಸಿರಿ ಎಂದು ಹಮಾಲರಿಗೆ ಮೊದಲೇ ಹೇಳಿಡುವದು ಯಜಮಾನನ ಕರ್ತವ್ಯ.

ಪಿನ್ನು ಬಂದ ಮೇಲೆ ಟ್ರ್ಯಾಕ್ಟರು ಒಂದು ಮಾರು ಮುಂದೆ ಹೋಗಿ ನಿಲ್ಲಲಿ. ಆ ಅಂತರದಲ್ಲಿ ಯಾರೂ ನಿಲ್ಲಕೂಡದು. ಮರಳಿ ಹೂಡುವಾಗ ಇದೆಲ್ಲವೂ ತಿರುವುಮುರುವು: ಮೊದಲು ಪಿನ್ನು, ಆಮೇಲೆ ಟ್ರ್ಯಾಕ್ಟರು ಟ್ರ್ಯಾಲಿಯನ್ನು ಮೇಲಕ್ಕೆ ತುಸು ಒತ್ತಿ ಹಿಡಿಯುವದು, ಕಡೆಯಲ್ಲಿ ಹಗ್ಗ ಹಿಡಿದು ಬೆಣೆಗಳನ್ನು ಎಳೆಯುವದು.

ಇದು ಭತ್ತದ ಸೀಮೆಯವರ ಕಷ್ಟವೊಂದೇ ಎಂದು ತಿಳಿಯಬೇಕಾಗಿಲ್ಲ. ಪರದೇಶಗಳಲ್ಲಿ ಮಲಗುವ ಮಂಚ, ಅಡಿಗೆಯ ಒಲೆಗಳಿರುವ ಸಣ್ಣ ಮನೆಯನ್ನೇ ಮೋಟಾರಿನ ಹಿಂದೆ ಕಟ್ಟಿಕೊಂಡು ತಿರುಗುವ ಹವ್ಯಾಸವುಂಟು. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು ಇಂಗ್ಲಂಡಿನಲ್ಲಿ ಇಂಥ ಮನೆಯೊಂದನ್ನು ಮಾಡಿಸಿ ಕುದುರೆ ಹೂಡಿಕೊಂಡು ದೇಶ ಸುತ್ತಿದರು. ಈಗ ಕುದುರೆಯ ಸ್ಥಾನಕ್ಕೆ ಮೋಟಾರು ಬಂದಿದೆ. ನನ್ನ ಗೆಳೆಯರ ಮಗನೊಬ್ಬನು ಆಸ್ಟ್ರೇಲಿಯದಲ್ಲಿರುವನು. ಅವನ ಮನೆಯೂ ಗುಡ್ಡದ ಓರೆಯಲ್ಲಿದೆ. ರಜೆ ಮುಗಿಸಿ ಬಂದು ಆ ಬಂಡಿಮನೆಯನ್ನು ಏರಿನ ಮೇಲೆ ಹಿಂದಕ್ಕೆ ತಳ್ಳಿ ಬಿಚ್ಚುವದು ತನಗೂ ತನ್ನ ಹೆಂಡತಿಗೂ ವರ್ಷದಲ್ಲಿ ಎರಡು ಸಲ ತಪ್ಪದೆ ಜಗಳ ತರುವ ಕಾರ್ಯವೆಂದು ಬರೆದಿದ್ದನು. ಅಲ್ಲಿಯ ಗಾಡಿಗಳಿಗೆ ತಮ್ಮದೇ ಆದ ಕೈಬ್ರೇಕು, ಮೂತಿಯ ಕೆಳಗೆ ಪುಟ್ಟ ಗಾಲಿ, ಮೋಟಾರಿಗೂ ಗಾಡಿಗೂ ನಡುವೆ ಸರಪಳಿ, ಇಷ್ಟೂ ಇರುವವು. ಅಷ್ಟಿದ್ದರೂ ಅವನು ಕೈಬ್ರೇಕನ್ನು ನಂಬಿ ಬಿಚ್ಚುವದಿಲ್ಲ. ಬೆಣೆಗಳನ್ನು ಇಟ್ಟು, ಭಾರವು ಅವುಗಳ ಮೇಲೆ ಕುಳಿತದ್ದನ್ನು ಕಂಡ ಮೇಲೆಯೇ ಕೊಂಡಿಯನ್ನು ತೆಗೆಯುವನು, ಸರಪಳಿಯನ್ನು ಎಲ್ಲಕ್ಕೂ ಕೊನೆಗೆ.

ಆ ಸರಪಳಿಯ ಉಪಾಯವನ್ನು ನಾವೂ ತೆಗೆದುಕೊಳ್ಳಬಹುದು. ಟ್ರ್ಯಾಕ್ಟರು ಮೇಲಕ್ಕೂ ಟ್ರ್ಯಾಲಿ ಕೆಳಕ್ಕೂ ಇರುವಂತೆ ಬಿಚ್ಚಬೇಕಾದ ಸ್ಥಳಗಳಲ್ಲಿ, ಅಂದರೆ ಕಾಲುವೆಯ ಏರಿಯ ಮೇಲೆ, ಹೊಳೆಗೆ ಇಳಿಯುವ ದಾರಿಯಲ್ಲಿ, ಅದು ಪ್ರಾಣವನ್ನು ಉಳಿಸಬಲ್ಲುದು. ನಮ್ಮ ಅಂಗಳದಂತೆ ಟ್ರ್ಯಾಲಿಯೇ ಮೇಲಿದ್ದರೆ ಅದರಿಂದ ಪ್ರಯೋಜನವು ಕಡಿಮೆ. ಮುಂದಕ್ಕೆ ಬರುವ ಭಾರವನ್ನು ಸರಪಳಿಯು ತಡೆಯಲಾರದು. ಸರಪಳಿಯನ್ನು ಹಾಕಿದ್ದೇನೆಂದು ಬೆಣೆಯನ್ನು ಬಿಡುವವರಿಗೆ ನಮ್ಮ ಸೀಮೆಯಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 2024ರ ಆಗಸ್ಟ 10ನೆಯ ತಾರೀಖಿನ ರಾತ್ರಿ ತುಂಗಭದ್ರಾ ಆಣೆಕಟ್ಟಿನ 19ನೆಯ ಗೇಟಿನ ಸರಪಳಿ ಕಡಿದು, ಗೇಟು ಹೊಳೆಯ ಪಾಲಾದಾಗ ಕೆಳಗಿನ ಊರುಗಳಲ್ಲಿ ಯಾರೂ ಕಣ್ಣು ಮುಚ್ಚಿರಲಿಲ್ಲ.

ಟ್ರ್ಯಾಲಿಯನ್ನು ಅಂಗಳಕ್ಕೆ ಏರಿಸುವದು ಕಷ್ಟವೆಂದು ಬೀದಿಯಲ್ಲಿಯೇ ಬಿಚ್ಚಿ ಬಿಡುವವರೂ ಉಂಟು. ರಾತ್ರಿಯಲ್ಲಿ ದೀಪವಿಲ್ಲದೆ ರಸ್ತೆಯ ಅಂಚಿಗೆ ನಿಂತ ಟ್ರ್ಯಾಲಿಗೆ ಬಂದು ಬಡಿದ ಮೋಟಾರ್ ಸೈಕಲ್ಲಿನವರ ಕಥೆಗಳನ್ನು ಇಲ್ಲಿ ಹೇಳಲಾರೆ. ಬಿಡಲೇಬೇಕಾದರೆ ಹಿಂದುಗಡೆಗೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯನ್ನು ಅಂಟಿಸಿರಿ. ಅದರ ಬೆಲೆ ಒಂದು ಚೀಲ ಭತ್ತದ ಬೆಲೆಗಿಂತ ಬಹಳ ಕಡಿಮೆ.

ಕಾಗದ ಬರೆದ ಗೃಹಸ್ಥರು ತಮ್ಮ ಮನೆಯ ಏರು ಎಷ್ಟೆಂದು ಬರೆದಿಲ್ಲ. ಅದು 10 ಅಡಿಗೆ ಒಂದೂವರೆ ಅಡಿಯನ್ನು ಮೀರಿದ್ದರೆ ನನ್ನ ಸಲಹೆಯು ಬೇರೆ: ಹೇರಿದ ಟ್ರ್ಯಾಲಿಯನ್ನು ಏರಿಸಲೇಬೇಡಿರಿ. ಬೀದಿಯ ಸಮನೆಲದಲ್ಲಿ ನಿಲ್ಲಿಸಿ ಚೀಲಗಳನ್ನು ಹೊರಿಸಿರಿ. ಹಮಾಲರಿಗೆ ನಾಲ್ಕು ಕಾಸು ಹೆಚ್ಚು ಹೋದರೆ ಹೋಗಲಿ. ಇಲ್ಲವೆ ಬಾಗಿಲಿನ ಮುಂದೆ ಟ್ರ್ಯಾಲಿ ನಿಲ್ಲುವಷ್ಟು ಜಾಗವನ್ನಾದರೂ ಮಣ್ಣು ತೆಗೆಸಿ ಮಟ್ಟ ಮಾಡಿಸಿರಿ. ನಮ್ಮ ಭಾವನವರು ಕಡೆಗೆ ಹಾಗೆಯೇ ಮಾಡಿಸಿದರು. ಆದರೂ ಬೆಣೆಗಳನ್ನು ಬಿಟ್ಟಿಲ್ಲ. ಅವು ಬಾಗಿಲಿನ ಪಕ್ಕದ ಗೂಟಕ್ಕೆ, ಎತ್ತಿನ ಹಳೆಯ ಹಗ್ಗದ ಜೊತೆಗೆ ತೂಗುಬಿದ್ದಿವೆ.

ಹೋದ ಸುಗ್ಗಿಗೆ ನಾನು ಮತ್ತೆ ಅಲ್ಲಿದ್ದೆನು. ಅಳಿಯನು ಒಂದೇ ಸಲಕ್ಕೆ ಸುಣ್ಣದ ಗೆರೆ ಹಿಡಿದು ಏರಿಸಿದನು. ಭಾವನವರು ಮೂರು ಬೆರಳಿನ ಕೈಯಿಂದ ಹಗ್ಗ ಹಿಡಿದು ಬೆಣೆಗಳನ್ನು ಇಟ್ಟರು. ಅವರ ತಾಯಿಗೆ ಈಗ ಕಣ್ಣು ಮಂಜು. ಹೊಸದಾಗಿ ಕಟ್ಟಿದ ಕಟ್ಟೆಯನ್ನು ಬಿಟ್ಟು ಪಡಸಾಲೆಯಲ್ಲಿ ಮಕ್ಕಳ ನಡುವೆ ಕುಳಿತಿದ್ದರು. ಇಂಜಿನ್ನಿನ ಸಪ್ಪಳ ತಗ್ಗಿದ್ದನ್ನು ಕೇಳಿ ಒಳಗಿನಿಂದಲೇ ಕೂಗಿದರು:

"ಗಾಲಿಗಿ ಕಲ್ಲ ಕೊಟ್ಟಿಯೇನೋ?"

"ಕೊಟ್ಟೀನಿ ಯವ್ವಾ."

"ಭಾರ ಹಿಡೀತೇನು?"

ಭಾವನವರು ಬಾಯಲ್ಲಿ ಎಣಿಸುತ್ತಿದ್ದರು. ಹತ್ತಾಗುವವರೆಗೆ ಉತ್ತರ ಕೊಡಲಿಲ್ಲ.